ಬಸ್ಸೇನೋ ಫ್ರೀ, ಮಗು ಎಲ್ಲಿ ಬಿಡೋದು?

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಇಷ್ಟು ದಿನ ಆದ್ರೂ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚೋ ಹೊತ್ತಿಗೆ ಅದರ ಜಗಳ ಮಾತ್ರ ಮುಗಿದಿಲ್ಲ. ಅಕೌಂಟ್ಸ್‌ನ ಹಿರಿಯರೊಬ್ಬರಿದ್ದಾರೆ, ಒಳ್ಳೆ ಮನುಷ್ಯ, ನನ್ನ ಮಗನ ಫೀಸಿಗೆ ದುಡ್ಡು ಸಾಲದೇ ಹೋದಾಗ ಕೇಳದೇನೇ ಕೊಟ್ಟವರು. ಆದ್ರೆ ಬಸ್ಸಿನ ಮಾತು ಬಂದರೆ ಅವರ ಮುಖ ಕೆಂಪಗಾಗುತ್ತೆ. "ನಾವು ಟ್ಯಾಕ್ಸ್ ಕಟ್ಟೋದು, ಇವರು ಧರ್ಮಸ್ಥಳ, ಹೊರನಾಡು ಅಂತ ಸುತ್ತೋದು" ಅಂತ ಶುರು ಮಾಡ್ತಾರೆ. ಸುತ್ತಲಿ ಬಿಡಿ ಸಾರ್, ಇಪ್ಪತ್ತು ವರ್ಷ ಅಡುಗೆಮನೆ ಮತ್ತೆ ಮೆಷಿನ್ನಿನ ನಡುವೆನೇ ಸುತ್ತಿದವಳು ಒಂದು ಸಲ ನೇತ್ರಾವತಿಯಲ್ಲಿ ಕಾಲು ಅದ್ದಿ ಬಂದರೆ ಬೊಕ್ಕಸ ಮುಳುಗಲ್ಲ ಅಂತ ನಾನು. ಅವರು ಮೊಸರನ್ನ ಕಲಸಿಕೊಳ್ತಾ ಸುಮ್ಮನಾಗ್ತಾರೆ. ನಾಳೆ ಮತ್ತೆ ಅದೇ :)

ಇದನ್ನ ಯಾಕೆ ಬರೀತಿದೀನಿ ಅಂದ್ರೆ, ಹೆಂಗಸರು ಕೆಲಸಕ್ಕೆ ಬರಬೇಕು ಅಂತ ಸರ್ಕಾರಗಳು ಮಾಡೋ ಕಾನೂನು, ಯೋಜನೆಗಳ ಬಗ್ಗೆ ಮಾತಾಡೋರೆಲ್ಲ ಒಂದೋ ಬಸ್ಸಿನಲ್ಲಿ ಸೀಟು ಸಿಗದ ಸಿಟ್ಟಲ್ಲಿ ಮಾತಾಡ್ತಾರೆ, ಇಲ್ಲಾ ವೇದಿಕೆ ಮೇಲಿಂದ ಮಾತಾಡ್ತಾರೆ. ನನ್ನ ಜಾಗ ಎರಡೂ ಅಲ್ಲ. ನಾನು ಗಾರ್ಮೆಂಟ್ಸ್ ಕಾರ್ಖಾನೆಗಳ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಕೂತು, ಮಧ್ಯೆ ಎರಡು ವರ್ಷ ಬಿಟ್ಟು, ಇಪ್ಪತ್ತು ವರ್ಷ ಆಗ್ತಾ ಬಂತು. ಮೈಸೂರು ರಸ್ತೆ ಕಡೆ ಎರಡು ಕಾರ್ಖಾನೆ ಬದಲಾಯಿಸಿದೀನಿ, ಹೆಸರು ಬೇಡ. ಕೆಲಸ ಕೇಳಿಕೊಂಡು ಗೇಟಿಗೆ ಬರೋ ಹೆಂಗಸರ ಹೆಸರು ಬರೆದುಕೊಳ್ಳೋಳೂ ನಾನೇ, ಬಿಟ್ಟು ಹೋಗೋವಾಗ ರಾಜೀನಾಮೆ ಕಾಗದ ತುಂಬಿಸಿಕೊಳ್ಳೋಳೂ ನಾನೇ. ಯಾರು ಯಾಕೆ ಬರ್ತಾರೆ, ಯಾಕೆ ಹೋಗ್ತಾರೆ ಅನ್ನೋದು ಸ್ವಲ್ಪ ಗೊತ್ತು.

ಮೊದಲು ಬಸ್ಸಿನ ಲೆಕ್ಕಾನೇ ಮುಗಿಸಿಬಿಡೋಣ. ಶಕ್ತಿ ಬರೋ ಮುಂಚೆ ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸು 1,050 ರೂಪಾಯಿ. ಒಬ್ಬ ಹೆಲ್ಪರ್‌ ಕೈಗೆ ಬರೋ ಸಂಬಳದಲ್ಲಿ ಅದು ಎರಡು ಮೂರು ದಿನದ ದುಡಿಮೆ. ಹಾಗಾಗಿ ಬಹಳ ಜನ ಪಾಸು ತಗೊಳ್ತಾನೇ ಇರಲಿಲ್ಲ. ಮನೆಯಿಂದ ನಡೆದು ಹೋಗೋ ದೂರದಲ್ಲಿ ಯಾವ ಕಾರ್ಖಾನೆ ಇದೆಯೋ ಅದೇ ಅವರ ಕಾರ್ಖಾನೆ. ಅಲ್ಲಿನ ಸೂಪರ್‌ವೈಸರ್ ಬೈದರೂ ಅದೇ, ಟಾಯ್ಲೆಟ್‌ಗೆ ಹೋದರೆ ಗಡಿಯಾರ ನೋಡಿದರೂ ಅದೇ. ಇಲ್ಲಾಂದ್ರೆ ಕಾರ್ಖಾನೆಯ ವ್ಯಾನು. ವ್ಯಾನಿಗೆ ಬಂದವಳು ವ್ಯಾನು ಹೊರಡೋವರೆಗೂ ಕಾಯಲೇಬೇಕು, ಓಟಿ ಇರಲಿ ಬಿಡಲಿ.

ಟಿಕೆಟ್ ಸೊನ್ನೆ ಆದಮೇಲೆ ಏನಾಯ್ತು ಗೊತ್ತಾ? ಆ ವರ್ಷದ ಮಳೆಗಾಲದಲ್ಲಿ ನಮ್ಮಲ್ಲಿ ಒಂದೇ ಬ್ಯಾಚಿನ ಒಂಬತ್ತು ಜನ ಟೈಲರ್‌ಗಳು ಒಟ್ಟಿಗೇ ಬಿಟ್ಟು ಹೋದರು. ಕೆಲಸ ಬಿಟ್ಟು ಮನೆಗೆ ಹೋಗಿದ್ದಲ್ಲ. ಎರಡು ಬಸ್ಸು ಬದಲಾಯಿಸಿದರೆ ಸಿಗೋ ಇನ್ನೊಂದು ಕಾರ್ಖಾನೆಗೆ, ಅಲ್ಲಿ ಅಟೆಂಡೆನ್ಸ್ ಬೋನಸ್ ಜಾಸ್ತಿ ಅಂತ. ನಮ್ಮ ಮ್ಯಾನೇಜರು ತಲೆ ಚಚ್ಚಿಕೊಂಡರು. ನನಗೆ ಒಳಗೊಳಗೇ ಖುಷಿ. ಫ್ರೀ ಬಸ್ಸಿನ ಬಗ್ಗೆ ಪೇಪರಿನವರು ಬರೆದಿದ್ದರಲ್ಲಿ ದೇವಸ್ಥಾನದ ಹುಂಡಿ ಇತ್ತು, ಸೀಟಿಗೆ ಜಗಳ ಆಡೋ ವಿಡಿಯೋ ಇತ್ತು, ಗಂಡಸರು ಸೀರೆ ಉಟ್ಟು ಬಸ್ಸು ಹತ್ತೋ ಜೋಕು ಇತ್ತು. ಆದರೆ ಒಬ್ಬ ಹೆಲ್ಪರ್ ಹೆಂಗಸು ಜೀವನದಲ್ಲಿ ಮೊದಲ ಸಲ ಧಣಿಯನ್ನ ಆರಿಸಿಕೊಂಡಿದ್ದು ಎಲ್ಲೂ ಬರಲಿಲ್ಲ. 2025ರ ಜುಲೈ ಹೊತ್ತಿಗೆ ಈ ಸೊನ್ನೆ ಟಿಕೆಟ್ಟಿನ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಅದರಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಎಷ್ಟು ಅಂತ ಯಾರಾದರೂ ಎಣಿಸಬೇಕು.

ಹೀಗೆ ಬಸ್ಸು ಹೆಂಗಸನ್ನ ಕಾರ್ಖಾನೆಯ ಗೇಟಿನವರೆಗೆ ತಂದು ಬಿಡ್ತು. ಸರಿ. ನಾನು ರಾಜೀನಾಮೆ ಕಾಗದ ತುಂಬಿಸ್ತೀನಿ ಅಂದೆನಲ್ಲ, ಅದರಲ್ಲಿ 'ಕಾರಣ' ಅಂತ ಒಂದು ಗೆರೆ ಇರುತ್ತೆ. 'ಸ್ವಂತ ಕಾರಣ' ಅಂತ ಬರೀತಾರೆ ಎಲ್ಲರೂ. ಅದರಲ್ಲಿ ಕಾಲುಭಾಗ ಪಿಎಫ್ ಬಿಡಿಸಿಕೊಳ್ಳೋಕೆ. ಇನ್ನು ಇಪ್ಪತ್ತೈದರ ಆಸುಪಾಸಿನ ಹುಡುಗೀರಾದ್ರೆ ಕೇಳೋದೇ ಬೇಡ, ಮಗು.

ಪಿಎಫ್ ಅಂದಾಗ ನೆನಪಾಯ್ತು. 2016ರ ಏಪ್ರಿಲ್ ನೆನಪಿದೆಯಾ? ಮಾಲೀಕರ ಪಾಲಿನ ಪಿಎಫ್ ಹಣವನ್ನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ದೆಹಲಿಯಿಂದ ನಿಯಮ ಬಂತು. ಬರೆದವರ ಉದ್ದೇಶ ಒಳ್ಳೇದೇ ಇರಬಹುದು, ಮುಪ್ಪಿಗೆ ದುಡ್ಡು ಉಳೀಲಿ ಅಂತ. ಆದರೆ 58ರವರೆಗೆ ಗಾರ್ಮೆಂಟ್ಸ್ ಮೆಷಿನ್ನಿನ ಮುಂದೆ ಯಾರು ಕೂತಿರ್ತಾರೆ ಸ್ವಾಮಿ? ನಲವತ್ತೈದಕ್ಕೇ ಬೆನ್ನು, ಕಣ್ಣು ಎರಡೂ ಕೈಕೊಡುತ್ತೆ. ಅವರಿಗೆ ಪಿಎಫ್ ಅಂದ್ರೆ ಮಗಳ ಕಾಲೇಜು, ಮನೆ ಲೀಸಿನ ದುಡ್ಡು, ಸಾಲದ ಬಾಯಿ ಮುಚ್ಚಿಸೋ ಇಡಿಗಂಟು. ಬೊಮ್ಮನಹಳ್ಳಿ ಕಡೆಯಿಂದ ಹೊಸೂರು ರಸ್ತೆಗೆ ಸಾವಿರಗಟ್ಟಲೆ ಹೆಂಗಸರು ಇಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿದ್ದಲ್ಲ ಅದು. ಎರಡನೇ ದಿನ ಬಸ್ಸಿಗೆ ಬೆಂಕಿ, ಲಾಠಿ, ಅಶ್ರುವಾಯು ಎಲ್ಲಾ ಆಯ್ತು. ಏಪ್ರಿಲ್ 19ರ ಸಂಜೆ ಹೊತ್ತಿಗೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವತ್ತು ನಮ್ಮ ಕಾರ್ಖಾನೆಗೂ ರಜಾ ಕೊಟ್ಟಿದ್ದರು. ಹೊರಗೆ ಹೋಗೋ ಹುಡುಗೀರ ಮುಖದಲ್ಲಿ ಅಂಥದ್ದೊಂದು ಕಳೆ ನಾನು ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಇರ್ಲಿ, ಮಗುವಿನ ವಿಷಯಕ್ಕೆ ಬರ್ತೀನಿ.

ನನ್ನ ಮಗ ಹುಟ್ಟಿದ್ದು 2010ರಲ್ಲಿ. ಆಗ ಹೆರಿಗೆ ರಜೆ ಹನ್ನೆರಡು ವಾರ. ಮೂರು ತಿಂಗಳು ತುಂಬೋ ಮುಂಚೆ ಕೆಲಸಕ್ಕೆ ವಾಪಸ್. ನಮ್ಮ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇತ್ತು. ಮೂವತ್ತಕ್ಕಿಂತ ಜಾಸ್ತಿ ಹೆಂಗಸರಿರೋ ಕಾರ್ಖಾನೆಯಲ್ಲಿ ಅದು ಇರಲೇಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು, ಇಂದು ನಿನ್ನೆಯ ಮಾತಲ್ಲ. ಎಂಟು ತೊಟ್ಟಿಲು, ಗೋಡೆ ಮೇಲೆ ಮಿಕ್ಕಿ ಮೌಸ್, ಒಬ್ಬ ಆಯಾ. ಕಾರ್ಖಾನೆಯಲ್ಲಿ ಎಂಟುನೂರು ಹೆಂಗಸರು. ಮಕ್ಕಳು ಮೂರು! ವಿದೇಶಿ ಬಯರ್ ಕಡೆಯವರು ಆಡಿಟ್‌ಗೆ ಬರೋ ದಿನ ಹೊಸ ಗೊಂಬೆಗಳು ಬರ್ತಿದ್ದವು, ಸಂಜೆಗೆ ಅವು ಬೀರು ಸೇರ್ತಿದ್ದವು.

ಯಾಕೆ ಮಕ್ಕಳನ್ನ ತರಲ್ಲ ಅಂತ ನಾನೂ ಎಲ್ಲರ ಹಾಗೆ ಕೇಳ್ತಿದ್ದೆ. ಒಂದು ತಿಂಗಳು ನಾನೇ ತಂದಾಗ ಉತ್ತರ ಸಿಕ್ಕಿತು. ಬೆಳಿಗ್ಗೆ ಏಳೂಮುಕ್ಕಾಲಿನ ಕೆಂಗೇರಿ ಬಸ್ಸು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಕಂಬಿ, ಹೆಗಲಲ್ಲಿ ಬಟ್ಟೆ-ಹಾಲಿನ ಚೀಲ, ಅದರ ಜೊತೆ ನನ್ನ ಡಬ್ಬಿ. ಒಂದು ದಿನ ಡ್ರೈವರ್ ಬ್ರೇಕ್ ಹಾಕಿದ ರಭಸಕ್ಕೆ ಮಗುವಿನ ತಲೆ ಸೀಟಿನ ಕಬ್ಬಿಣಕ್ಕೆ ಬಡಿಯೋದು ಒಂದು ಗೇಣಿನಲ್ಲಿ ತಪ್ಪಿತು. ಪಕ್ಕದಲ್ಲಿದ್ದ ಹೂವಿನಮ್ಮ ಅಂಗೈ ಅಡ್ಡ ಇಟ್ಟಿದ್ದಳು. ಅವಳ ಬೆರಳು ಊದಿಕೊಂಡಿತ್ತು, "ಹೋಗ್ಲಿ ಬಿಡವ್ವ" ಅಂದಳು. ಅವತ್ತಿಗೆ ನಿಲ್ಲಿಸಿದೆ.

ಊರಿಗೆ ಫೋನ್ ಮಾಡಿದೆ. ಅವ್ವ ಬಂದು ಒಂದು ವರ್ಷ ಜೊತೆಗಿದ್ದರೆ ಎಲ್ಲಾ ಸರಿಹೋಗ್ತಿತ್ತು. ಎಲ್ಲರ ಮನೆಯಲ್ಲೂ ಹಾಗೇ ತಾನೆ ನಡೆಯೋದು. ಆದರೆ ನಮ್ಮವ್ವ ಅಂಗನವಾಡಿ ಕಾರ್ಯಕರ್ತೆ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿ, 1988ರಿಂದ ಅದೇ ಕೇಂದ್ರ. "ಹೆಂಗ್ ಬರ್ಲವ್ವ ನಾನು? ಇಲ್ಲಿ ಇಪ್ಪತ್ತಾರು ಮಕ್ಳವೆ" ಅಂದಳು. ನನಗೆ ಸಿಟ್ಟು ಬಂತು. ಊರ ಮಕ್ಕಳನ್ನೆಲ್ಲ ನೋಡ್ಕೋತೀಯ, ನಿನ್ನ ಮೊಮ್ಮಗನ್ನ ನೋಡ್ಕೊಳ್ಳೋಕೆ ಆಗಲ್ವ ಅಂತ ಅಂದೆ. ಆ ಕಡೆ ಅವಳು ಏನೂ ಹೇಳಲಿಲ್ಲ. ಹಿಂದೆ ಮಕ್ಕಳ ಗದ್ದಲ, ಯಾವುದೋ ಪಾತ್ರೆ ಬಿದ್ದ ಸದ್ದು. "ಪುಡಿ ಕದಡ್ಬೇಕು, ಆಮ್ಯಾಕೆ ಮಾಡ್ತೀನಿ" ಅಂತ ಇಟ್ಟಳು.

ನಾನು ಕೆಲಸ ಬಿಟ್ಟೆ. ಎರಡು ವರ್ಷ. ವಾಪಸ್ ಬಂದಾಗ ನನ್ನ ಕೆಳಗೆ ಟ್ರೈನಿ ಆಗಿದ್ದ ಹುಡುಗ ನನ್ನ ಮೇಲೆ ಕೂತಿದ್ದ, ನಾನು ಬಿಟ್ಟಾಗಿನ ಸಂಬಳಕ್ಕಿಂತ ಕಮ್ಮಿಗೆ ಸೇರಿಕೊಂಡೆ. ಇದೇನು ದೊಡ್ಡ ದುರಂತ ಅಲ್ಲ. ನನ್ನ ಟೇಬಲ್ಲಿಗೆ ಬರೋ ಹುಡುಗೀರಲ್ಲಿ ಎಷ್ಟೋ ಜನ ಎಂಟು ತಿಂಗಳ ಮಗುವನ್ನ ಊರಲ್ಲಿ ಅಮ್ಮನ ಹತ್ತಿರ ಬಿಟ್ಟು, ಬೆಂಗಳೂರಿನಲ್ಲಿ ನಾಲ್ಕು ಜನ ಒಂದು ರೂಮಲ್ಲಿ ಇದ್ದಾರೆ. ಹಬ್ಬಕ್ಕೆ ಹೋದಾಗ ಮಗು ಅವರ ಹತ್ತಿರ ಬರಲ್ಲ. ಕಾಲರ್ ಕೂರಿಸೋ ಹುಡುಗಿಯೊಬ್ಬಳು ಹೇಳಿದ್ದಳು, "ಮೇಡಂ, ನನ್ ಮಗೀಗೆ ನಾನು ಬೆಂಗ್ಳೂರ್ ಅತ್ತೆ" ಅಂತ. ನಗ್ತಾನೇ ಹೇಳಿದಳು.

2017ರ ಏಪ್ರಿಲ್‌ನಿಂದ ಹೆರಿಗೆ ರಜೆ ಇಪ್ಪತ್ತಾರು ವಾರ ಆಯ್ತು, ಮೊದಲ ಎರಡು ಮಕ್ಕಳಿಗೆ. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆಯೆಲ್ಲ ಶಿಶುಪಾಲನಾ ಕೇಂದ್ರ ಬೇಕು ಅಂತಲೂ ಆಯ್ತು. ಹೆರಿಗೆ ಕಾಯ್ದೆಯನ್ನ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿಸಿದಾರೆ, ಆದರೂ ಇಪ್ಪತ್ತಾರು ವಾರ ಹಾಗೇ ಇದೆ. ಒಳ್ಳೇ ಕಾನೂನು. ಇಷ್ಟು ಧಾರಾಳ ಇರೋ ದೇಶಗಳು ಬಹಳ ಇಲ್ಲ.

ಆದರೆ ಆ ಇಪ್ಪತ್ತಾರು ವಾರದ ಸಂಬಳ ಯಾರು ಕೊಡ್ತಾರೆ ಅನ್ನೋದನ್ನ ಕೇಳಲೇಬೇಕು. ನಮ್ಮ ಟೈಲರ್‌ಗಳ ವಿಷಯದಲ್ಲಿ ಇಎಸ್‌ಐ ಕೊಡುತ್ತೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಅದು ಅಂತ 2017ರ ಜನವರಿಯಿಂದ ನಿಗದಿ ಆಗಿತ್ತು. ಎಲ್ಲ ಕಾರ್ಖಾನೆಗಳೂ ಎಲ್ಲ ಕೆಲಸಗಾರರೂ ಪ್ರತಿ ತಿಂಗಳು ಒಂದಿಷ್ಟು ಹಾಕಿರ್ತಾರೆ, ಹೆಣ್ಣಾಗಲಿ ಗಂಡಾಗಲಿ. ಹಾಗಾಗಿ ಟೈಲರ್ ಒಬ್ಬಳು ಬಸುರಿ ಅಂದ್ರೆ ನಮ್ಮ ಮಾಲೀಕರಿಗೆ ಲೈನಿನಲ್ಲಿ ಒಂದು ಮೆಷಿನ್ ಖಾಲಿ ಅನ್ನೋದು ಬಿಟ್ಟರೆ ಸಂಬಳದ ಹೊರೆ ಇಲ್ಲ. ಅದೇ ಆಫೀಸಿನ ಹುಡುಗಿ, ಸಂಬಳ ಮೂವತ್ತು ಸಾವಿರ ಅಂದುಕೊಳ್ಳಿ, ಆರು ತಿಂಗಳದ್ದು ಪೂರ್ತಿ ಮಾಲೀಕನ ಜೇಬಿನಿಂದಲೇ ಹೋಗಬೇಕು. ಜಾಗಕ್ಕೆ ಇನ್ನೊಬ್ಬರನ್ನ ತಗೊಂಡರೆ ಅವರ ಸಂಬಳ ಬೇರೆ.

ಇದರ ಫಲ ಇಂಟರ್‌ವ್ಯೂ ರೂಮಿನಲ್ಲಿ ಕಾಣುತ್ತೆ. ಮರ್ಚಂಡೈಸಿಂಗ್ ವಿಭಾಗಕ್ಕೆ ಒಬ್ಬಳು ಹುಡುಗಿ ಬಂದಿದ್ದಳು, ಚೂಟಿ, ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದಳು. ಮೇಲಿನವರು ಕೇಳಿದ ಮೂರನೇ ಪ್ರಶ್ನೆ, "ಮದುವೆ ಯಾವಾಗ ಆಯ್ತಮ್ಮ?" ನಾಲ್ಕು ತಿಂಗಳಾಯ್ತು ಅಂದಳು ಪಾಪ, ಸಂತೋಷವಾಗಿ. ಅಲ್ಲಿಗೆ ಮುಗೀತು. ಅವಳು ಹೋದಮೇಲೆ ಅವರು ಶೀಟಿನಲ್ಲಿ 'ಅನುಭವ ಸಾಲದು' ಅಂತ ಬರೆದರು. ನಾನು ಪಕ್ಕದಲ್ಲೇ ಕೂತಿದ್ದೆ. ಅವಳಿಗಿಂತ ಒಂದು ವರ್ಷ ಕಡಿಮೆ ಅನುಭವ ಇದ್ದ ಹುಡುಗನಿಗೆ ಕೆಲಸ ಸಿಕ್ಕಿತು. ನಾನು ವಾದ ಮಾಡಿದೆ, ಗಟ್ಟಿಯಾಗೇ ಮಾಡಿದೆ. "ನೀವು ಹೇಳೋದು ಸರಿ ಮೇಡಂ, ಆದ್ರೆ ನಂ ಬಜೆಟ್ ಯಾರು ಕೊಡ್ತಾರೆ" ಅಂದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು.

ಹೆರಿಗೆಯ ಖರ್ಚು ಒಬ್ಬೊಬ್ಬ ಮಾಲೀಕನ ಮೇಲೆ ಬೀಳಬಾರದು, ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು 2000ದ ಒಪ್ಪಂದದಲ್ಲೇ ಹೇಳಿದಾರೆ. ನಮ್ಮ ಇಎಸ್‌ಐ ಅದನ್ನೇ 21,000ದ ಒಳಗಿನವರಿಗೆ ಮಾಡಿ ತೋರಿಸಿದೆ. ಆ ಗೆರೆಯ ಮೇಲಿರೋರಿಗೆ ಮಾತ್ರ ಯಾಕಿಲ್ಲ? ನನಗಂತೂ ಅರ್ಥ ಆಗಲ್ಲ. ಕಾನೂನಿನಲ್ಲಿ ರಜೆ ಉದ್ದ ಮಾಡಿ, ಬಿಲ್ಲನ್ನ ಕೆಲಸ ಕೊಡೋನ ಕೈಗಿಟ್ಟರೆ ಅವನು ಮದುವೆ ಫೋಟೋ ನೋಡಿಯೇ ಹೆದರ್ತಾನೆ.

ರಾತ್ರಿ ಪಾಳಿಯದ್ದೂ ಒಂದು ಮಾತು. ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಕಾರ್ಖಾನೆಯಲ್ಲಿ ಹೆಂಗಸರು ಕೆಲಸ ಮಾಡೋ ಹಾಗಿಲ್ಲ ಅಂತ ಹಳೇ ಕಾಯ್ದೆ ಇತ್ತು. ಕರ್ನಾಟಕ 2019ರ ನವೆಂಬರಿನಲ್ಲಿ ಷರತ್ತು ಹಾಕಿ ಅದನ್ನ ಸಡಿಲ ಮಾಡಿತು, ಈಗ ಹೊಸ ಸಂಹಿತೆಯಲ್ಲಿ ಇಡೀ ದೇಶಕ್ಕೇ ಹಾಗೆ, ಹೆಂಗಸಿನ ಒಪ್ಪಿಗೆ ಇದ್ದರೆ ಸರಿ ಅಂತ. ತಾತ್ವಿಕವಾಗಿ ನನಗೆ ತಕರಾರಿಲ್ಲ, ನರ್ಸುಗಳು ಯಾವ ಕಾಲದಿಂದ ಮಾಡ್ತಿಲ್ಲ? ಆದ್ರೆ 'ಒಪ್ಪಿಗೆ' ಅನ್ನೋದನ್ನ ತಿಂಗಳ ಕೊನೆಯಲ್ಲಿ, ಶಿಪ್‌ಮೆಂಟ್ ತಡ ಆದ ದಿನ, ಸೂಪರ್‌ವೈಸರ್ ಕೈಯಲ್ಲಿ ಪೆನ್ನು ಹಿಡಿದು ನಿಂತಾಗ ಹೇಗೆ ತಗೋತಾರೆ ಅನ್ನೋದು ನೋಡಿದವರಿಗೆ ಗೊತ್ತು. ಹೆಚ್ಚು ಹೇಳಲ್ಲ.

ಪೇಪರಿನಲ್ಲಿ ಅಂಕಿ ಅಂಶ ನೋಡಿದರೆ ಖುಷಿಯಾಗುತ್ತೆ. ಕೇಂದ್ರದ ಕಾರ್ಮಿಕ ಸಮೀಕ್ಷೆ ಪ್ರಕಾರ 2017-18ರಲ್ಲಿ ದೇಶದ ಹದಿನೈದು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಮೆಯಲ್ಲಿರೋರು ಅಥವಾ ಕೆಲಸ ಹುಡುಕ್ತಿರೋರು ಶೇ. 23.3. 2023-24ಕ್ಕೆ ಅದು ಶೇ. 41.7. ಆರು ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು! ಆದರೆ ಒಳಗೆ ಹೋಗಿ ನೋಡಿದರೆ ಏರಿದ್ದರಲ್ಲಿ ಬಹುಪಾಲು ಹಳ್ಳಿಗಳಲ್ಲಿ, ಅದರಲ್ಲೂ ಸ್ವಂತ ಉದ್ಯೋಗ ಮತ್ತು ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯೋರು. ನಮ್ಮಜ್ಜಿ ಜೀವನಪೂರ್ತಿ ಗದ್ದೆಯಲ್ಲಿ ನಾಟಿ ಹಾಕಿದಳು, ಅವಳನ್ನ ಯಾರೂ ಎಣಿಸಿರಲಿಲ್ಲ. ಈಗ ಎಣಿಸ್ತಿದಾರೆ ಅಂದ್ರೆ ಒಳ್ಳೇದೇ. ಕೈಗೆ ದುಡ್ಡು ಬಂತಾ ಅನ್ನೋದು ಬೇರೆ.

ಇನ್ನು ನಮ್ಮವ್ವನ ಕಥೆ. ಅಂಗನವಾಡಿ ಅನ್ನೋದು ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ದೇಶದಲ್ಲಿ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಹಳ್ಳಿ ಹೆಂಗಸಿಗೆ ಸರ್ಕಾರ ಕೊಟ್ಟ ಅಷ್ಟು ದೊಡ್ಡ ಪ್ರಮಾಣದ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತೆ. ಮಕ್ಕಳಿಗೆ ಆಟ, ಪಾಠ, ಊಟ, ತೂಕ, ಬಾಣಂತಿ-ಬಸುರಿಯರ ಪಟ್ಟಿ, ಪೋಲಿಯೋ ಹನಿ, ಮತದಾರರ ಪಟ್ಟಿ, ಯಾವ ಸಮೀಕ್ಷೆ ಬಂದರೂ ಅದು. ಆದರೆ ಇದು 'ಕೆಲಸ' ಅಲ್ಲ, 'ಸೇವೆ'. ಸಂಬಳ ಅಲ್ಲ, 'ಗೌರವಧನ'. ಅವ್ವ ಸೇರಿದಾಗ ಕೆಲವೇ ನೂರು ರೂಪಾಯಿ. ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ಪ್ರಕರಣ ನಮ್ಮ ಕರ್ನಾಟಕದ್ದೇ. ಹದಿನಾರು ವರ್ಷ ಆದಮೇಲೆ, 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು ಇವರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತೆ ಅಂತ ತೀರ್ಪು ಕೊಟ್ಟಿತು. ನಮ್ಮವ್ವ ನಿವೃತ್ತಿಯಾಗಿದ್ದು 2018ರಲ್ಲಿ. ತೀರ್ಪಿನ ಸುದ್ದಿ ಓದಿ ಹೇಳಿದೆ. "ಗ್ರಾಚುಟಿ ಅಂದ್ರೆ ಏನ್ ಮಗ?" ಅಂದಳು. ಮೂವತ್ತು ವರ್ಷ ಕೆಲಸ ಮಾಡಿದವಳು. ದಿನಾ ಪಿಎಫ್, ಗ್ರಾಚ್ಯುಟಿ ಲೆಕ್ಕ ಹಾಕೋದೇ ಮಗಳ ಉದ್ಯೋಗ!

ಈಗ ಊರಿನ ಚಿತ್ರ ಬದಲಾಗಿದೆ. ಗಾರ್ಮೆಂಟ್ಸ್ ಬೆಂಗಳೂರಿನಿಂದ ಹೊರಗೆ ರಾಮನಗರ, ಮದ್ದೂರು, ಮಂಡ್ಯ ಅಂತ ಹಬ್ಬಿದೆ. ನಮ್ಮೂರಿನ ಬಾಗಿಲಿಗೇ ಬೆಳಿಗ್ಗೆ ಏಳಕ್ಕೆ ವ್ಯಾನು. ಸೊಸೆಯಂದಿರೆಲ್ಲ ಡಬ್ಬಿ ಹಿಡಿದು ಓಡ್ತಾರೆ, ಊರಿಗೆ ಕೆಲಸಾನೇ ಬಂತು ಅಂದ್ರೆ ಮಗು ಊರಲ್ಲೇ ಇರುತ್ತಲ್ಲ ಅಂತ ನಾನೂ ಸಂತೋಷಪಟ್ಟಿದ್ದೆ. ಆದರೆ ಅಂಗನವಾಡಿ ತೆರೆಯೋದು ಒಂಬತ್ತೂವರೆಗೆ, ಮುಚ್ಚೋದು ನಾಲ್ಕಕ್ಕೆ. ವ್ಯಾನು ವಾಪಸ್ ಬರೋದು ಆರೂವರೆ. ಮೂರು ವರ್ಷದ ಕೆಳಗಿನ ಮಕ್ಕಳಿಗೆ ಅಲ್ಲಿ ಆಹಾರದ ಪೊಟ್ಟಣ ಕೊಡ್ತಾರೆ, ದಿನವಿಡೀ ನೋಡ್ಕೊಳ್ಳೋ ವ್ಯವಸ್ಥೆ ಇಲ್ಲ. ನರೇಗಾ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಘೋಷಿಸಿತು. ಹೆಸರೂ ಚೆಂದ, ಯೋಚನೆಯೂ ಚೆಂದ. ಆದರೆ ಅದರ ಯೋಚನೆ ಕೂಲಿಯ ತಾಯಿಗೆ, ವ್ಯಾನಿನ ತಾಯಿಗಲ್ಲ.

ಹೋದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದೆ. ಏಳು ಗಂಟೆಗೆ ಎದ್ದು ಬಂದರೆ ನಮ್ಮ ಜಗಲಿ ಮೇಲೆ ನಾಲ್ಕು ಮಕ್ಕಳು. ಒಂದಕ್ಕೆ ಇನ್ನೂ ಹಲ್ಲು ಬಂದಿಲ್ಲ. ಅವ್ವ ಗೋಡೆಗೆ ಒರಗಿ ಕಾಲು ಚಾಚಿ, ಕಾಲ ಮೇಲೆ ಅದನ್ನ ಮಲಗಿಸಿಕೊಂಡು, ಇನ್ನೊಂದರ ಬಾಯಿಗೆ ಇಡ್ಲಿ ಮುರಿದು ಇಡ್ತಾ ಇದ್ದಾಳೆ. ಯಾರ ಮಕ್ಕಳವ್ವ ಇವು ಅಂದೆ. ಇದು ಮೂಲೆಮನೆಯದ್ದು, ಇವೆರಡು ತೋಟದ ಮನೆಯವು, ಇದು ಆ ಹೊಸ ಸೊಸೇದು ಅಂತ ಹೇಳಿದಳು. ಒಂಬತ್ತೂವರೆಗೆ ದೊಡ್ಡ ಮೂರನ್ನ ಅಂಗನವಾಡಿಗೆ ಬಿಟ್ಟು, ಸಣ್ಣದನ್ನ ಇಟ್ಟುಕೊಂಡು, ನಾಲ್ಕಕ್ಕೆ ಮತ್ತೆ ಕರಕೊಂಡು ಬರ್ತಾಳಂತೆ. ದುಡ್ಡು ಏನಾದ್ರೂ ತಗೋತೀಯಾ ಅಂತ ಕೇಳಿದ್ದಕ್ಕೆ, ಒಬ್ಬಳು ತಿಂಗಳಿಗೆ ಒಂದು ಸೇರು ತುಪ್ಪ ತಂದು ಇಟ್ಟು ಹೋಗ್ತಾಳೆ, ಬೇಡ ಅಂದ್ರೂ ಕೇಳಲ್ಲ ಅಂದಳು.

ಅರವತ್ತೇಳು ವರ್ಷ ಅವಳಿಗೆ. ಮಂಡಿ ನೋವು. ಬೆಂಗಳೂರಿಗೆ ಬಂದುಬಿಡು, ಮಗನೂ ದೊಡ್ಡವನಾದ, ಒಂದು ರೂಮು ಖಾಲಿ ಇದೆ ಅಂದೆ. ಅವಳು ಎದುರು ಮನೆಯ ಕಡೆ ನೋಡಿದಳು. ಆ ಮನೆಯ ಹುಡುಗಿಗೆ ಏಳು ತಿಂಗಳು, ಇನ್ನೂ ವ್ಯಾನಿಗೆ ಹೋಗ್ತಿದಾಳಂತೆ. "ಅದರದ್ದೊಂದು ಆಗ್ಲಿ, ಆಮ್ಯಾಕೆ ನೋಡಾನ" ಅಂದಳು.